ಬಿದ್ದ ವಿಮಾನದ ಗುರುತು ಪತ್ತೆಹಚ್ಚುವುದು ಹೇಗೆ: ಯುದ್ಧಕಾಲದ ವಿಮಾನಗಳ ಬೆನ್ನು ಹತ್ತುವವರಿಗೆ ಸಮಗ್ರ ಮಾರ್ಗದರ್ಶಿ

1944ರ ಜನವರಿ 25. ಚೀನಾದ ಕುನ್ಮಿಂಗ್‌ನಿಂದ ಅಮೆರಿಕದ ಒಂದು ಬಿ-24 ಬಾಂಬರ್ ಅಸ್ಸಾಮಿನ ಚಬುವಾ ಕಡೆ ಹೊರಟಿತು. ಒಳಗೆ ಎಂಟು ಜನ. ವಿಮಾನಕ್ಕೆ ಸಿಬ್ಬಂದಿ ಇಟ್ಟುಕೊಂಡಿದ್ದ ಹೆಸರು 'ಹಾಟ್ ಆ್ಯಸ್ ಹೆಲ್'. ಸೇನೆಯ ಲೆಕ್ಕದಲ್ಲಿ ಅದು 42-73308. ಆ ದಿನ ಮೋಡ, ಗಾಳಿ ವಿಪರೀತ. ವಿಮಾನ ಚಬುವಾ ತಲುಪಲೇ ಇಲ್ಲ.

2006ರಲ್ಲಿ ಅರುಣಾಚಲ ಪ್ರದೇಶದ ದಮ್ರೋ ಹಳ್ಳಿಯ ಹತ್ತಿರದ ಬೆಟ್ಟದಲ್ಲಿ ಕ್ಲೇಟನ್ ಕೂಲ್ಸ್ ಎಂಬ ಅಮೆರಿಕದ ಹವ್ಯಾಸಿ ಅದರ ಅವಶೇಷ ಕಂಡರು. ಅಲ್ಲಿ ಸಿಕ್ಕ ಮಾನವ ಅವಶೇಷಗಳು ದೆಹಲಿಯಿಂದ ಗೌರವದೊಂದಿಗೆ ಹೊರಟಿದ್ದು 2016ರ ಏಪ್ರಿಲ್‌ನಲ್ಲಿ. ಅವು ಫಸ್ಟ್ ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್ ಅವರದ್ದೆಂದು ಗೊತ್ತಾಗಿ, 2017ರಲ್ಲಿ ಜಾರ್ಜಿಯಾದ ಕಾನ್ಕರ್ಡ್ ಎಂಬ ಅವರ ಸ್ವಂತ ಊರಲ್ಲಿ ಮಣ್ಣು ಮಾಡಿದರು. ಮನೆಗೆ ಮರಳಲು ಅವರಿಗೆ 73 ವರ್ಷ ಬೇಕಾಯಿತು.

ಬೆಂಗಳೂರಿನಲ್ಲಿ, ತಲೆಯ ಮೇಲೆ ದಿನವಿಡೀ ವಿಮಾನ ಹಾರುವ ಬಡಾವಣೆಯಲ್ಲಿ ನಾನು ಬೆಳೆದೆ. ಹುಡುಗನಾಗಿದ್ದಾಗ ಹಿಡಿದ ಹುಚ್ಚು ಇದು, ಈಗಲೂ ಬಿಟ್ಟಿಲ್ಲ. "ನಾನೂ ಇದನ್ನು ಮಾಡಬೇಕು, ಎಲ್ಲಿಂದ ಶುರು ಮಾಡಲಿ?" ಎಂದು ಕೇಳುವ ಎಳೆಯರಿಗೆ ನಾನು ಹೇಳುವುದು ಒಂದೇ: ಕಾಗದ ಮೊದಲು, ಕಾಡು ಆಮೇಲೆ. ಕಾಡಿಗೆ ಹೋಗುವುದು ಈ ಕೆಲಸದಲ್ಲಿ ಹತ್ತರಲ್ಲಿ ಒಂದು ಪಾಲು. ಉಳಿದ ಒಂಬತ್ತು ಪಾಲು ಮೇಜಿನ ಮುಂದೆ ಕೂತು ಮಾಡುವಂಥದ್ದು. ಅದನ್ನು ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಕೂತೂ ಮಾಡಬಹುದು.

ಇಲ್ಲಿ ಉದಾಹರಣೆಗೆ 'ಹಂಪ್' ದಾರಿಯನ್ನು, ಅಂದರೆ ಎರಡನೇ ಮಹಾಯುದ್ಧದಲ್ಲಿ ಅಸ್ಸಾಮಿನಿಂದ ಬೆಟ್ಟ ದಾಟಿ ಚೀನಾಕ್ಕೆ ಹೋಗುತ್ತಿದ್ದ ವಿಮಾನದಾರಿಯನ್ನು, ತೆಗೆದುಕೊಂಡಿದ್ದೇನೆ. ಬರ್ಮಾ ರಸ್ತೆ ಜಪಾನಿನ ಕೈಸೇರಿದ ಮೇಲೆ, ಚೀನಾಕ್ಕೆ ಪೆಟ್ರೋಲು, ಮದ್ದುಗುಂಡು ಮುಟ್ಟಿಸಲು ಉಳಿದಿದ್ದು ಆಕಾಶ ಮಾತ್ರ. 1942ರ ಏಪ್ರಿಲ್‌ನಿಂದ 1945ರ ನವೆಂಬರ್‌ವರೆಗೆ ಚಬುವಾ, ದಿಂಜಾನ್, ಮೋಹನ್‌ಬಾರಿ, ಜೋರ್ಹಾಟ್, ತೇಜ್‌ಪುರಗಳಿಂದ ಎದ್ದ ವಿಮಾನಗಳು ಹಿಮಾಲಯದ ಪೂರ್ವದ ತುದಿ ದಾಟಿ ಸುಮಾರು ಆರೂವರೆ ಲಕ್ಷ ಟನ್ ಸಾಮಾನು ಸಾಗಿಸಿದವು. ಹೆಚ್ಚುಕಡಿಮೆ 600 ವಿಮಾನಗಳು ಈ ದಾರಿಯಲ್ಲಿ ನಾಶವಾದವು. ಬಹುಪಾಲನ್ನು ಬೀಳಿಸಿದ್ದು ಶತ್ರುವಲ್ಲ, ಹವಾಮಾನ ಮತ್ತು ಬೆಟ್ಟ. ಕೆಳಗೆ ಮಿನುಗುವ ಅವಶೇಷಗಳ ಸಾಲು ನೋಡಿ ಪೈಲಟ್‌ಗಳು ಆ ದಾರಿಯನ್ನು 'ಅಲ್ಯೂಮಿನಿಯಂ ಟ್ರೇಲ್' ಎಂದೇ ಕರೆಯುತ್ತಿದ್ದರು.

ಒಂದೇ ವಿಮಾನ ಆರಿಸಿಕೊಳ್ಳಿ

ಹೊಸಬರು ಇಡೀ ಯುದ್ಧವನ್ನೇ ತಬ್ಬಿಕೊಳ್ಳಲು ಹೋಗುತ್ತಾರೆ. ಆರು ತಿಂಗಳಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಒಂದು ದಿನಾಂಕ, ಒಂದು ವಿಮಾನ, ಅದರಲ್ಲಿದ್ದ ಜನ, ಇಷ್ಟು ಸಾಕು. ಒಂದನ್ನು ಪೂರ್ತಿ ಮಾಡಿದರೆ ಎರಡನೆಯದಕ್ಕೆ ಕೈ ತಾನಾಗಿ ಪಳಗುತ್ತದೆ.

ಆರಿಸುವ ಮೊದಲು, ಆ ವಿಮಾನದ ಕಥೆ ಆಗಲೇ ಮುಗಿದಿದೆಯೇ ನೋಡಿ. ಈ ದಾರಿಯಲ್ಲಿ ಕಾಣೆಯಾದ ಅಮೆರಿಕನ್ನರ ಹೆಸರುಗಳನ್ನು ಫಿಲಿಪೈನ್ಸ್‌ನ ಮನಿಲಾ ಅಮೆರಿಕನ್ ಸ್ಮಶಾನದ ಗೋಡೆಗಳ ಮೇಲೆ ಕೆತ್ತಿದ್ದಾರೆ. ಅಲ್ಲಿ 36 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. ಯಾರಾದರೂ ಆಮೇಲೆ ಪತ್ತೆಯಾದರೆ ಅವರ ಹೆಸರಿನ ಪಕ್ಕ ಕಂಚಿನದೊಂದು ಪುಟ್ಟ ಹೂವಿನ ಗುರುತು ಕೂರಿಸುತ್ತಾರೆ. ಈ ಹೆಸರುಗಳನ್ನು ಆನ್‌ಲೈನ್‌ನಲ್ಲೇ ಹುಡುಕಬಹುದು.

ನಂಬರ್ ಓದಲು ಕಲಿಯಿರಿ

ಅಡ್ಡಹೆಸರು ನಂಬಬೇಡಿ. ಒಂದೇ ಅಡ್ಡಹೆಸರಿನ ವಿಮಾನಗಳು ಹಲವು ಇರುತ್ತಿದ್ದವು. ಗಟ್ಟಿಯಾದದ್ದು ಸೀರಿಯಲ್ ನಂಬರ್ ಮಾತ್ರ. 42-73308 ಎಂದರೆ 1942ರ ಹಣಕಾಸು ವರ್ಷದ ಆರ್ಡರಿನ ವಿಮಾನ. ಬಾಲದ ಮೇಲೆ ಬರೆಯುವಾಗ ವರ್ಷದ ಮೊದಲ ಅಂಕಿ ಬಿಟ್ಟು, ಅಡ್ಡಗೆರೆಯೂ ಇಲ್ಲದೆ, 273308 ಎಂದು ಬರೆಯುತ್ತಿದ್ದರು. ಹಳೆಯ ಫೋಟೊದಲ್ಲಿ ಬಾಲ ಕಂಡರೆ ಮುಂದೆ ಒಂದು 4 ಸೇರಿಸಿ, ಎರಡನೇ ಅಂಕಿಯ ನಂತರ ಗೆರೆ ಎಳೆಯಿರಿ, ಪೂರ್ತಿ ನಂಬರ್ ಸಿಕ್ಕಿತು.

ಇದು ಯಾಕೆ ಮುಖ್ಯ ಅಂದರೆ, ಆ ಜನವರಿ 25ರಂದೇ ಅದೇ ಬಾಂಬರ್ ಗುಂಪಿನ ಬೇರೆ ಬಿ-24ಗಳೂ ಕಾಣೆಯಾದವು. ಅದೇ ದಿನ, ಅದೇ ದಾರಿ, ಅದೇ ಮಾದರಿ. ನಂಬರ್ ಇಲ್ಲದೆ ಒಂದನ್ನು ಇನ್ನೊಂದರಿಂದ ಬೇರೆ ಮಾಡಲು ಆಗುವುದಿಲ್ಲ.

ಕಾಣೆಯಾದ ಸಿಬ್ಬಂದಿಯ ವರದಿ

ಅಮೆರಿಕದ ವಿಮಾನವಾದರೆ ನಿಮ್ಮ ಮೊದಲ ದಾಖಲೆ 'ಮಿಸ್ಸಿಂಗ್ ಏರ್ ಕ್ರೂ ರಿಪೋರ್ಟ್'. ಈ ಹವ್ಯಾಸದವರು ಚಿಕ್ಕದಾಗಿ ಮ್ಯಾಕರ್ ಎನ್ನುತ್ತಾರೆ. 1943ರ ಮಧ್ಯದಿಂದ ಪ್ರತಿ ಕಾಣೆಯಾದ ವಿಮಾನಕ್ಕೂ ಇದನ್ನು ಟೈಪ್ ಮಾಡುತ್ತಿದ್ದರು. ಮೂಲ ಪ್ರತಿಗಳು ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಅವರ ಆನ್‌ಲೈನ್ ಪಟ್ಟಿಯಲ್ಲಿ ಹೆಸರು ಅಥವಾ ವಿಮಾನದ ನಂಬರ್ ಹಾಕಿ ಹುಡುಕಿ.

ವರದಿ ಕೈಗೆ ಬಂದಾಗ ಹೆಸರುಗಳ ಪಟ್ಟಿಗೆ ಓಡಬೇಡಿ. ನಿಧಾನವಾಗಿ, ಮೇಲಿನಿಂದ ಕೆಳಗೆ ಓದಿ. ಎಲ್ಲಿಂದ ಎದ್ದಿತು, ಎಲ್ಲಿಗೆ ಹೊರಟಿತು, ಕೊನೆಗೆ ರೇಡಿಯೊದಲ್ಲಿ ಮಾತಾಡಿದ್ದು ಎಷ್ಟು ಗಂಟೆಗೆ, ಕೊನೆಗೆ ಯಾರು ನೋಡಿದರು, ಹವಾಮಾನ ಹೇಗಿತ್ತು. ಅದರ ಕೆಳಗೆ ಎಂಜಿನ್‌ಗಳ ನಂಬರ್ ಇರುತ್ತದೆ. ಮೆಷಿನ್‌ಗನ್‌ಗಳ ನಂಬರ್ ಕೂಡ ಇರುತ್ತದೆ. ಇವನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಯಾವತ್ತೋ ಒಂದು ದಿನ ಬೆಟ್ಟದ ಮೇಲೆ ತುಕ್ಕು ಹಿಡಿದ ಬಂದೂಕಿನ ಪಕ್ಕದಲ್ಲಿ ಆರು ಅಂಕಿ ಕಂಡರೆ, ಇಡೀ ವಿಮಾನದ ಗುರುತು ನಿಂತಿರುವುದು ಈ ಹಾಳೆಯ ಮೇಲೆ.

ಕೊನೆಯ ಪುಟಗಳಲ್ಲಿ ಸಿಬ್ಬಂದಿಯ ಮನೆಯವರ ಹೆಸರು, ವಿಳಾಸ ಇರುತ್ತವೆ. ತಾಯಿ, ಹೆಂಡತಿ, ಅಣ್ಣ. ಎಷ್ಟು ವರದಿ ಓದಿದ್ದರೂ ಆ ಪುಟ ಬಂದಾಗ ನನ್ನ ಕೈ ಈಗಲೂ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಇದರ ನಂತರ ಕೇಳಬೇಕಾದ್ದು ಪ್ರತಿ ಸತ್ತ ಸೈನಿಕನ ಮೇಲೂ ಇರುವ ವೈಯಕ್ತಿಕ ಕಡತ, ಐಡಿಪಿಎಫ್. ಯುದ್ಧ ಮುಗಿದ ಮೇಲೆ ಅಮೆರಿಕದ ಶೋಧ ತಂಡಗಳು ಅಸ್ಸಾಂ, ಬರ್ಮಾ ಬೆಟ್ಟಗಳನ್ನು ಸುತ್ತಿದ್ದವು. ಅವರು ಯಾವ ಹಳ್ಳಿಗೆ ಹೋದರು, ಅಲ್ಲಿನವರು ಏನು ಹೇಳಿದರು, ಯಾಕೆ ವಾಪಸ್ ಬಂದರು ಎಂಬುದು ಈ ಕಡತದಲ್ಲಿ ಸಿಗಬಹುದು. ಹಲ್ಲಿನ ನಕ್ಷೆ ಇರುತ್ತದೆ, ಮನೆಯವರು ಬರೆದ ಪತ್ರಗಳಿರುತ್ತವೆ. ಬರಲು ತಿಂಗಳುಗಟ್ಟಲೆ ಹಿಡಿಯಬಹುದು, ಕಾಯಿರಿ.

ಬ್ರಿಟಿಷ್, ಭಾರತೀಯ ವಿಮಾನವಾದರೆ

ದಾರಿ ಬೇರೆ. ಲಂಡನ್ ಬಳಿಯ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಏರ್ 27' ಎಂಬ ಸಾಲಿನಲ್ಲಿ ಸ್ಕ್ವಾಡ್ರನ್‌ಗಳ ದಿನಚರಿಗಳಿವೆ. ಫಾರ್ಮ್ 540ರಲ್ಲಿ ದಿನದ ಸಾರಾಂಶ, 541ರಲ್ಲಿ ಯಾರು ಯಾವ ವಿಮಾನದಲ್ಲಿ ಎಷ್ಟು ಗಂಟೆಗೆ ಹಾರಿದರು ಎಂಬ ವಿವರ. ಇಂಫಾಲ, ಅರಕಾನ್‌ನಲ್ಲಿ ಹೋರಾಡಿದ ನಮ್ಮ ಭಾರತೀಯ ಸ್ಕ್ವಾಡ್ರನ್‌ಗಳ ದಿನಚರಿಯೂ ಇದೇ ಸಾಲಿನಲ್ಲಿದೆ.

ಸಮಾಧಿ ಹುಡುಕಲು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಕೊಹಿಮಾ, ದಿಗ್ಬೊಯಿ, ಗುವಾಹಟಿ, ದೆಹಲಿಯ ಯುದ್ಧ ಸ್ಮಶಾನಗಳ ಪಟ್ಟಿ ಅವರ ಬಳಿ ಇದೆ. ದಕ್ಷಿಣ ಮತ್ತು ಪೂರ್ವ ಭಾರತದಲ್ಲಿ ಚದುರಿದ್ದ ಹಲವು ಸಮಾಧಿಗಳನ್ನು 1952ರಲ್ಲಿ ಮದ್ರಾಸ್ ಯುದ್ಧ ಸ್ಮಶಾನಕ್ಕೆ ತಂದರು. ಹಾಗಾಗಿ ಬೆಂಗಳೂರು ಸುತ್ತ ಬಿದ್ದ ವಿಮಾನದ ಪೈಲಟ್‌ನನ್ನು ಹುಡುಕುವಾಗ ಚೆನ್ನೈ ಪಟ್ಟಿಯನ್ನೂ ತಪ್ಪದೇ ನೋಡಿ. ಸಮಾಧಿಯೇ ಇಲ್ಲದ ವಾಯುಸೈನಿಕರ ಹೆಸರು ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿರುತ್ತದೆ.

ಗಡಿಯಾರ ಮತ್ತು ನಕ್ಷೆ

ತಪ್ಪಾಗುವುದು ಜಾಸ್ತಿ ಇಲ್ಲೇ. ಯುದ್ಧಕಾಲದಲ್ಲಿ, ಅಂದರೆ 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಭಾರತದ ಗಡಿಯಾರ ಒಂದು ಗಂಟೆ ಮುಂದಿತ್ತು. ಗ್ರೀನ್‌ವಿಚ್‌ಗಿಂತ ಐದೂವರೆ ಅಲ್ಲ, ಆರೂವರೆ ಗಂಟೆ ಮುಂದೆ. ವರದಿಯಲ್ಲಿ ಸಮಯದ ಪಕ್ಕ ಝಡ್ ಅಕ್ಷರ ಇದ್ದರೆ ಅದು ಗ್ರೀನ್‌ವಿಚ್ ಸಮಯ. ಒಂದು ಗಂಟೆ ಲೆಕ್ಕ ತಪ್ಪಿದರೆ, ಅಷ್ಟರಲ್ಲಿ ಸರಕು ವಿಮಾನ 250 ಕಿಲೋಮೀಟರ್‌ಗೂ ಜಾಸ್ತಿ ಹಾರಿರುತ್ತದೆ. ನೀವು ಬೇರೆ ಕಣಿವೆಯಲ್ಲೇ ಹುಡುಕುತ್ತಿರುತ್ತೀರಿ.

ಅಕ್ಷಾಂಶ ರೇಖಾಂಶದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಹಳೆಯ ವರದಿಯಲ್ಲಿ 28-30 ಎಂದಿತ್ತು. 28 ಡಿಗ್ರಿ 30 ಮಿನಿಟ್ ಎಂದು ಅರ್ಥ. ನಾನು ಮೊಬೈಲ್ ನಕ್ಷೆಯಲ್ಲಿ 28.30 ಎಂದು ಹಾಕಿದೆ. 60 ಮಿನಿಟ್‌ಗೆ ಒಂದು ಡಿಗ್ರಿ ಆಗುವುದರಿಂದ ಹಾಕಬೇಕಾಗಿದ್ದು 28.50. ವ್ಯತ್ಯಾಸ ಬರೀ 0.2 ಎನಿಸಬಹುದು, ನೆಲದ ಮೇಲೆ ಅದು ಸುಮಾರು 22 ಕಿಲೋಮೀಟರ್. ಆ ಬೆಟ್ಟಗಳಲ್ಲಿ 22 ಕಿಲೋಮೀಟರ್ ಅಂದರೆ ಎಷ್ಟೋ ದಿನದ ನಡಿಗೆ. ಎರಡು ತಿಂಗಳ ಕೆಲಸ ಹಾಳಾಯಿತು. ಅಂದಿನಿಂದ ಪ್ರತಿ ಅಂಕಿಯನ್ನೂ ಎರಡು ಸಲ, ಕಾಗದದ ಮೇಲೆ, ಕೈಯಲ್ಲೇ ಲೆಕ್ಕ ಹಾಕುತ್ತೇನೆ.

ಊರಿನ ಹೆಸರುಗಳಿಗೆ ಅಮೆರಿಕದ ಆರ್ಮಿ ಮ್ಯಾಪ್ ಸರ್ವಿಸ್‌ನ ಯು502 ನಕ್ಷೆಗಳು ಬೇಕು. ಟೆಕ್ಸಸ್ ವಿಶ್ವವಿದ್ಯಾಲಯದ ಲೈಬ್ರರಿ ಅವನ್ನು ಉಚಿತವಾಗಿ ಕೊಡುತ್ತದೆ. ಒಂದು ಇಂಚಿಗೆ ನಾಲ್ಕು ಮೈಲಿ ಹತ್ತಿರದ ಅಳತೆ. ಹಳೆಯ ಹೆಸರು, ಹಳೆಯ ಕಾಲುದಾರಿ ಅವುಗಳಲ್ಲಿವೆ. ಪೈಲಟ್‌ಗಳು ಕಿವಿಗೆ ಬಿದ್ದಂತೆ ಊರಿನ ಹೆಸರು ಬರೆದಿರುತ್ತಾರೆ. ಜೋರಾಗಿ ಓದಿ ನೋಡಿ, ಕಣ್ಣಿಗೆ ಹೊಳೆಯದ್ದು ಕಿವಿಗೆ ಹೊಳೆಯುತ್ತದೆ.

ಎದುರಾಳಿಯ ಕಾಗದವನ್ನೂ ಓದಿ

ಕಾದಾಟದಲ್ಲಿ ಬಿದ್ದ ವಿಮಾನವಾದರೆ ಅರ್ಧ ಕಥೆ ಇನ್ನೊಂದು ಕಡೆ ಇರುತ್ತದೆ. ಇದಕ್ಕೆ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಏನಾಯಿತೆಂದು ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಆ ದಿನ ಪಾಕಿಸ್ತಾನ ಒಂದು ಎಫ್-104 ಸ್ಟಾರ್‌ಫೈಟರ್ ಕಳೆದುಕೊಂಡಿತ್ತು. 1979ರಲ್ಲಿ ಪಾಕಿಸ್ತಾನ ವಾಯುಪಡೆಯ ಬಗ್ಗೆ ಇಂಗ್ಲಿಷ್ ಲೇಖಕರೊಬ್ಬರು ಬರೆದ ಪುಸ್ತಕದಲ್ಲಿ ಅದರ ವಿವರ ಹೊರಬಂತು. ಏಟು ತಿಂದ ಭಾರತದ ಮಿಸ್ಟೇರ್ ವಿಮಾನವೊಂದು ತಿರುಗಿ ನಿಂತು ಹೋರಾಡಿ ಆ ಸ್ಟಾರ್‌ಫೈಟರನ್ನು ಬೀಳಿಸಿತ್ತು. ಎರಡೂ ಕಡೆಯ ದಿನ, ಹೊತ್ತು, ಜಾಗ ಜೋಡಿಸಿ ನೋಡಿದಾಗ ಅದು ದೇವಯ್ಯ ಅವರೇ ಎಂದು ಗೊತ್ತಾಯಿತು. 1988ರಲ್ಲಿ, 23 ವರ್ಷಗಳ ನಂತರ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಇವತ್ತು ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ.

ಹಾಗಾಗಿ ಎರಡು ಕಾಲಂನ ಪಟ್ಟಿ ಮಾಡಿ. ಎಡಕ್ಕೆ ನಮ್ಮ ಕಡೆಯ ನಷ್ಟ, ಬಲಕ್ಕೆ ತಾವು ಬೀಳಿಸಿದೆವೆಂದು ಅವರು ಹೇಳಿಕೊಂಡದ್ದು. ಸಮಯವನ್ನು ಒಂದೇ ಗಡಿಯಾರಕ್ಕೆ ತನ್ನಿ. ಆಮೇಲೆ ಗೆರೆ ಎಳೆದು ಜೋಡಿಸಿ.

ಬೆಂಗಳೂರಿನ ಕೊಂಡಿ

ಇದು ಸ್ವಲ್ಪ ದಾರಿ ಬಿಟ್ಟು ಹೋಗುವ ಮಾತು, ಆದರೂ ಹೇಳಬೇಕು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೇನೆಯ ಉಸ್ತುವಾರಿಗೆ ಹೋಯಿತು. 84ನೇ ಏರ್ ಡಿಪೊ ಎಂದು ಅದರ ಹೆಸರಾಯಿತು. ಈ ಭಾಗದ ಯುದ್ಧವಿಮಾನಗಳ ದೊಡ್ಡ ದುರಸ್ತಿ ಕೆಲಸ ಇಲ್ಲಿ ನಡೆಯುತ್ತಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಬಿ-24ಗಳನ್ನು ನಮ್ಮ ಎಚ್‌ಎಎಲ್ ಕೆಲಸಗಾರರೇ ಮತ್ತೆ ಹಾರುವಂತೆ ಮಾಡಿದರು. ಅವು 1968ರವರೆಗೆ ಭಾರತೀಯ ವಾಯುಪಡೆಯಲ್ಲಿದ್ದವು. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿರುವ ಬಿ-24 ನಮ್ಮ ವಾಯುಪಡೆ ಕೊಟ್ಟದ್ದು.

ನಿಮ್ಮ ಮನೆಯಲ್ಲಿ ಅಥವಾ ನೆಂಟರಲ್ಲಿ ಆಗ ಕಾರ್ಖಾನೆಯಲ್ಲಿದ್ದವರು ಇದ್ದರೆ, ಅವರ ಟ್ರಂಕು ಒಮ್ಮೆ ತೆರೆದು ನೋಡಿ. ಪಾಸು, ಗ್ರೂಪ್ ಫೋಟೊ, ಡೈರಿ, ಏನಿದ್ದರೂ ಸ್ಕ್ಯಾನ್ ಮಾಡಿ ಇಡಿ. ಫೋಟೊದ ಹಿಂಬದಿಯಲ್ಲಿ ಬರೆದ ಹೆಸರುಗಳನ್ನೂ ಸ್ಕ್ಯಾನ್ ಮಾಡಿ.

ಊರವರ ಮಾತು

ಅರುಣಾಚಲದಲ್ಲಿ ಅವಶೇಷಗಳನ್ನು ಮೊದಲು ಕಂಡವರು ಬೇಟೆಗಾರರು. ಕೂಲ್ಸ್ ಅವರಿಗೂ ದಾರಿ ತೋರಿಸಿದ್ದು ಸ್ಥಳೀಯರೇ. ಅಲ್ಲಿ ಹೋದರೆ ಮೊದಲು ಗಾಂವ್‌ಬುಢಾ, ಅಂದರೆ ಊರಿನ ಹಿರಿಯರನ್ನು ಕಾಣಿ. ಕೂತು ಚಹಾ ಕುಡಿಯಿರಿ. ಅವಸರ ಮಾಡಬೇಡಿ.

"ಇಲ್ಲಿ ಅಮೆರಿಕದ ವಿಮಾನ ಬಿದ್ದಿದೆಯಾ?" ಎಂದು ಕೇಳಬೇಡಿ. ಬಂದ ಅತಿಥಿಗೆ ಬೇಜಾರಾಗಬಾರದೆಂದು ಹೌದು ಎಂದುಬಿಡುತ್ತಾರೆ. "ನಿಮ್ಮ ಮನೆಯ ಈ ಪಾತ್ರೆ ಎಲ್ಲಿಂದ ಬಂತು?" ಎಂದು ಕೇಳಿ. ಅವಶೇಷದ ತಗಡನ್ನು ಬಡಿದು ಪಾತ್ರೆ, ಕತ್ತಿಯ ಒರೆ ಮಾಡಿಕೊಂಡ ಮನೆಗಳಿವೆ. ಅಂಥ ಒಂದು ತಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಂಚಿನಲ್ಲಿ ಸಮ ದೂರದಲ್ಲಿ ರಿವೆಟ್ ತೂತುಗಳ ಸಾಲು. ಮಡಚಿದ ಜಾಗದೊಳಗೆ, ಬೆಂಕಿ ಮುಟ್ಟದ ಕಡೆ, ಹಳದಿ ಮಿಶ್ರಿತ ಹಸಿರು ಬಣ್ಣ. ಅದು ತುಕ್ಕು ತಡೆಯಲು ವಿಮಾನದ ಒಳಭಾಗಕ್ಕೆ ಬಳಿಯುತ್ತಿದ್ದ ಝಿಂಕ್ ಕ್ರೋಮೇಟ್. ಓರೆ ಬೆಳಕಿಗೆ ಹಿಡಿದಾಗ ಮಸುಕಾಗಿ 'ಆಲ್‌ಕ್ಲ್ಯಾಡ್' ಎಂಬ ಇಂಗ್ಲಿಷ್ ಅಕ್ಷರಗಳು, ವಿಮಾನಕ್ಕೆ ಬಳಸುತ್ತಿದ್ದ ಅಲ್ಯೂಮಿನಿಯಂ ತಗಡಿನ ಹೆಸರು. ಆ ತಟ್ಟೆ ನೋಡಿದ ಮೇಲೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅದು ಆ ಮನೆಯ ವಸ್ತು. ಫೋಟೊ ತೆಗೆಯಲು ಅನುಮತಿ ಕೇಳಿ, ವಾಪಸ್ ಕೊಡಿ.

ಹೊರಡುವ ಮುನ್ನ

ಬೇರೆ ರಾಜ್ಯದವರಿಗೆ ಅರುಣಾಚಲಕ್ಕೆ ಇನ್ನರ್ ಲೈನ್ ಪರ್ಮಿಟ್ ಬೇಕು. ಗಡಿ ಜಿಲ್ಲೆಗಳಲ್ಲಿ ಜಿಲ್ಲಾಡಳಿತಕ್ಕೆ ಉದ್ದೇಶ ತಿಳಿಸಿಯೇ ಹೋಗಿ. ಡ್ರೋನ್ ಒಯ್ಯುವ ಯೋಚನೆ ಬಿಡಿ. ಮಳೆಗಾಲದಲ್ಲಿ ಬೆಟ್ಟ ಜಾರುತ್ತದೆ, ಚಳಿಗಾಲವೇ ಸರಿ. ಒಬ್ಬರೇ ಹೋಗಬೇಡಿ. ಮೊದಲ ಸಲ ಹೋಗುವವರು ಪಾಸಿಘಾಟ್‌ನಲ್ಲಿ 2023ರ ನವೆಂಬರ್‌ನಲ್ಲಿ ತೆರೆದ ಹಂಪ್ ವಸ್ತುಸಂಗ್ರಹಾಲಯ ನೋಡಿ ಮುಂದೆ ಹೋಗಿ. ಯಾವ ತುಂಡು ಯಾವ ವಿಮಾನದ್ದು ಎಂದು ಕಣ್ಣಿಗೆ ಅಭ್ಯಾಸವಾಗುತ್ತದೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರು ಈ ಹವ್ಯಾಸಕ್ಕೆ ಇಳಿದರೆ ಒಂದು ಎಚ್ಚರ: ಅಲ್ಲಿ 1986ರ ಕಾನೂನಿನ ಪ್ರಕಾರ ಸೇನಾ ವಿಮಾನ ಬಿದ್ದ ಜಾಗಗಳೆಲ್ಲ ತಾನಾಗಿಯೇ ರಕ್ಷಿತ. ರಕ್ಷಣಾ ಸಚಿವಾಲಯದ ಲೈಸೆನ್ಸ್ ಇಲ್ಲದೆ ಅಗೆಯುವಂತಿಲ್ಲ.

ಲೋಹದಿಂದ ಗುರುತು ತೆಗೆಯುವುದು

ಮುಟ್ಟುವ ಮೊದಲು ನೋಡಿ. ಬಾಂಬು, ಗುಂಡು 80 ವರ್ಷವಾದರೂ ಸಿಡಿಯಬಹುದು. ಕತ್ತಲಲ್ಲಿ ಹೊಳೆಯಲಿ ಎಂದು ಮೀಟರ್‌ಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು, ಅವನ್ನು ಕೈಯಲ್ಲಿ ಹಿಡಿಯಬೇಡಿ, ಒಡೆಯಬೇಡಿ.

ಮೊದಲು ಎಂಜಿನ್ ಹುಡುಕಿ. ತಗಡು ಚೂರಾಗುತ್ತದೆ, ಕೊಚ್ಚಿಹೋಗುತ್ತದೆ. ಎಂಜಿನ್ ಭಾರ, ಅಲ್ಲೇ ಬಿದ್ದಿರುತ್ತದೆ. ಸಿಲಿಂಡರ್ ಎಣಿಸಿ. ಏಳೇಳರ ಎರಡು ಸಾಲು, ಅಂದರೆ 14 ಸಿಲಿಂಡರ್, ಇದ್ದು ಎಂಜಿನ್ ಎರಡೇ ಆಗಿದ್ದರೆ ಹಂಪ್ ದಾರಿಯಲ್ಲಿ ಅದು ಬಹುತೇಕ ಸಿ-47. ಅಂಥ ಎಂಜಿನ್ ನಾಲ್ಕಿದ್ದರೆ ಬಿ-24, ಇಲ್ಲವೇ ಅದರ ಸರಕು ರೂಪವಾದ ಸಿ-87, ಇಲ್ಲವೇ ಪೆಟ್ರೋಲ್ ಹೊರುವ ರೂಪವಾದ ಸಿ-109. ಒಂಬತ್ತೊಂಬತ್ತರ ಎರಡು ಸಾಲು, 18 ಸಿಲಿಂಡರ್, ಎಂಜಿನ್ ಎರಡು ಎಂದರೆ ಸಿ-46 ಎಂದುಕೊಳ್ಳಬಹುದು. ನಾಲ್ಕು ಎಂಜಿನ್ ಜೊತೆಗೆ ಮೆಷಿನ್‌ಗನ್, ತಿರುಗುವ ಗನ್ ಗೋಪುರದ ತುಂಡುಗಳು ಕಂಡರೆ ಬಿ-24 ಕಡೆಗೆ ವಾಲಬಹುದು.

ಆಮೇಲೆ ಬಿಡಿಭಾಗಗಳ ಮೇಲೆ ಅಚ್ಚೊತ್ತಿದ ನಂಬರ್. ಕಂಪನಿಗಳು ಮಾದರಿಯ ಸಂಖ್ಯೆಯನ್ನೇ ಭಾಗದ ನಂಬರಿನ ಮುಂದೆ ಹಾಕುತ್ತಿದ್ದವು. ಬಿ-24 ಅದರ ಕಂಪನಿಗೆ 'ಮಾಡೆಲ್ 32', ಹಾಗಾಗಿ ಭಾಗಗಳು 32ರಿಂದ ಶುರುವಾಗುತ್ತವೆ. ಸ್ಪಿಟ್‌ಫೈರ್ 'ಟೈಪ್ 300', ಅದರ ಭಾಗಗಳು 300ರಿಂದ.

ನಂಬರ್ ಸವೆದಿದ್ದರೆ ತಂತಿ ಬ್ರಶ್ ಹಾಕಬೇಡಿ, ಇರುವುದೂ ಅಳಿಸಿಹೋಗುತ್ತದೆ. ನೀರು, ಹಳೆಯ ಟೂತ್‌ಬ್ರಶ್ ಸಾಕು. ಟಾರ್ಚನ್ನು ಪಕ್ಕದಿಂದ ಅಡ್ಡಡ್ಡ ಹಿಡಿಯಿರಿ, ಗುಂಡಿಗಳಲ್ಲಿ ನೆರಳು ನಿಂತು ಅಂಕಿ ಏಳುತ್ತದೆ. ಅದೂ ಆಗದಿದ್ದರೆ ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ವಾ, ಹಾಗೇ ಮಾಡಿ. ಬಹಳ ಸಲ ಕ್ಯಾಮೆರಾಕ್ಕೆ ಸಿಗದ್ದು ಪೆನ್ಸಿಲ್‌ಗೆ ಸಿಕ್ಕಿದೆ.

ಖಾಲಿ ತೋಟಾ ದೂರದಿಂದಲೇ ಕಂಡರೆ ಅದರ ತಳದ ಫೋಟೊ ತೆಗೆಯಿರಿ. ಅಲ್ಲಿ ತಯಾರಾದ ವರ್ಷ ಇರುತ್ತದೆ. 43 ಎಂದಿದ್ದರೆ ಆ ವಿಮಾನ 1943ಕ್ಕಿಂತ ಮೊದಲು ಬಿದ್ದಿರಲು ಸಾಧ್ಯವಿಲ್ಲ. ಇಷ್ಟರಿಂದಲೇ ಪಟ್ಟಿಯಿಂದ ಎಷ್ಟೋ ಹೆಸರು ಹೊಡೆದುಹಾಕಬಹುದು.

ಏನನ್ನೂ ತರಬೇಡಿ. ಒಂದು ಬೋಲ್ಟ್ ಕೂಡ ಬೇಡ. ಇದರಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ.

ಮೂಳೆ ಕಂಡರೆ

ಅಲ್ಲಿಗೆ ನಿಲ್ಲಿಸಿ. ಅಗೆಯಬೇಡಿ, ಜೋಡಿಸಬೇಡಿ, ಮುಚ್ಚಲೂ ಹೋಗಬೇಡಿ. ಜಿಪಿಎಸ್ ಅಂಕಿ ಬರೆದುಕೊಂಡು ಕೆಳಗಿಳಿಯಿರಿ. ಸ್ಥಳೀಯ ಪೊಲೀಸರಿಗೆ, ಜಿಲ್ಲಾಡಳಿತಕ್ಕೆ ತಿಳಿಸಿ. ಅಮೆರಿಕದವರಾದರೆ ಡಿಪಿಎಎ ಎಂಬ ರಕ್ಷಣಾ ಇಲಾಖೆಯ ಸಂಸ್ಥೆಗೆ, ಬ್ರಿಟಿಷ್ ಅಥವಾ ಕಾಮನ್‌ವೆಲ್ತ್‌ನವರಾದರೆ ವಾರ್ ಗ್ರೇವ್ಸ್ ಕಮಿಷನ್‌ಗೆ ಬರೆಯಿರಿ. ಜಾಗವನ್ನು ಸೋಶಿಯಲ್ ಮೀಡಿಯಾದಲ್ಲಿ ಹಾಕಬೇಡಿ. ಗುಜರಿಗೆ ಮಾರುವವರು ನಿಮಗಿಂತ ಮೊದಲು ಅಲ್ಲಿರುತ್ತಾರೆ.

ನಿಮ್ಮ ವರದಿಯನ್ನು ಮೂರು ಭಾಗ ಮಾಡಿ: ನಾನು ಕಂಡದ್ದು, ಬೇರೆಯವರು ಹೇಳಿದ್ದು, ನನ್ನ ಊಹೆ. ಒಂದು ಇನ್ನೊಂದರೊಳಗೆ ಬೆರೆಯದಂತೆ ನೋಡಿಕೊಳ್ಳಿ. ಮನೆಯವರಿಗೆ ನೀವಾಗಿ ಬರೆಯಬೇಡಿ. ಗುರುತು ಖಚಿತವಾಗಿ, ಅಧಿಕಾರಿಗಳು ತಿಳಿಸಿದ ಮೇಲೆ, ಅವರೇ ನಿಮ್ಮನ್ನು ಹುಡುಕಿಕೊಂಡು ಬರಬಹುದು.

ಹಾಗೆ ಬಂದವರು ಎಂಜಿನ್ ನಂಬರ್ ಕೇಳುವುದಿಲ್ಲ. ಆ ಜಾಗ ಹೇಗಿದೆ, ಮರ ಇದೆಯಾ, ಹತ್ತಿರದಲ್ಲಿ ನೀರು ಹರಿಯುತ್ತಾ, ಊರಿನ ಜನ ಅವರ ಬಗ್ಗೆ ಏನಂತಾರೆ ಎಂದು ಕೇಳುತ್ತಾರೆ. ಅದಕ್ಕೇ ಅವಶೇಷದ ಫೋಟೊಗಳೆಲ್ಲ ಮುಗಿದ ಮೇಲೆ ತಿರುಗಿ ನಿಂತು, ಅಲ್ಲಿಂದ ಕಾಣುವ ಕಣಿವೆಯದ್ದೂ ಒಂದು ಫೋಟೊ ತೆಗೆಯಿರಿ. ಹಿಂದೆ ದಿನಾಂಕ, ಹೊತ್ತು ಬರೆದಿಡಿ.